ಮಕ್ಕಳ ಸೋಶಿಯಲ್ ಮೀಡಿಯಾಕ್ಕೆ ಸರ್ಕಾರ ಕಡಿವಾಣ ಹಾಕಬೇಕಾ?

ಹಾಕಬೇಕು, ಆದರೆ ಕಂಪನಿಗಳಿಗೆ. ಮಗು ಯಾವ ವಿಡಿಯೋ ಎಷ್ಟು ಹೊತ್ತು ನೋಡಿತು ಅಂತ ಆ್ಯಪ್ ಲೆಕ್ಕ ಇಡುತ್ತದೆ, ಅಂಥದ್ದನ್ನೇ ಮತ್ತೆ ಮತ್ತೆ ಮುಂದಿಡುತ್ತದೆ. ಒಂದು ರೀಲ್ ಆದಮೇಲೆ ಇನ್ನೊಂದು, ಕೊನೆಯೇ ಇಲ್ಲ. 'ಸಾಕು' ಅನ್ನೋದು ದೊಡ್ಡವರಿಗೇ ಆಗಲ್ಲ, ಅಲ್ವಾ?

ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್‌ನಿಂದ 16 ತುಂಬದವರಿಗೆ ಖಾತೆ ಇಲ್ಲ. ತಪ್ಪಿದರೆ ದಂಡ ಕಂಪನಿಗೆ, ಅಪ್ಪ-ಅಮ್ಮನಿಗಲ್ಲ. ಇದು ಸರಿಯಾದ ದಾರಿ.

ಆದರೆ ಬರೀ ವಯಸ್ಸು ಕೇಳಿದರೆ ನಮ್ಮ ಜಮಖಂಡಿ, ಮುಧೋಳ ಕಡೆ ಜಾಸ್ತಿ ಉಪಯೋಗವಿಲ್ಲ. ಅಪ್ಪ ಕಬ್ಬಿನ ಹೊಲದಿಂದ ಬಂದು ಊಟಕ್ಕೆ ಕೂತ ಅಂದರೆ ಫೋನ್ ಮಗನ ಕೈಗೆ. ಸಿಮ್ಮೂ ಅಪ್ಪನದು, ಖಾತೆಯೂ ಅಪ್ಪನದು. ಕಂಪನಿಯ ಲೆಕ್ಕದಲ್ಲಿ ಆ ಹುಡುಗ 40 ವರ್ಷದ ರೈತ! ತಾನಾಗಿ ಓಡುವ ವಿಡಿಯೋವನ್ನು ಎಲ್ಲರಿಗೂ ನಿಲ್ಲಿಸಿದರೆ ಮಾತ್ರ ಇವನಿಗೂ ಅದು ತಟ್ಟುತ್ತದೆ.