ಸಂಪಾದಕರ ಉತ್ತರ: ಪದ ಬದಲಿಸಿದರೆ ಸಾಕಾ?

ವಿದ್ಯಾರ್ಥಿನಿಯೊಬ್ಬಳ ಪ್ರಬಂಧಕ್ಕೆ ಸಾಫ್ಟ್‌ವೇರ್ ಬೇರೆ ಬರಹಗಳ ಜೊತೆ ಶೇ. 38 ಹೋಲಿಕೆ ತೋರಿಸಿತು, 'ಪದಗಳನ್ನೆಲ್ಲ ಬದಲಾಯಿಸಿದ್ದೀನಲ್ಲ ಮೇಡಂ' ಅಂತ ಅವಳು ಅತ್ತಳು ಎಂದು ಬರೆದಿದ್ದೀರಿ. ಇದನ್ನು ಕೃತಿಚೌರ್ಯ ಅನ್ನಬೇಕಾ ಎಂದು ಕೇಳಿದ್ದೀರಿ.

ಅವಸರ ಮಾಡಬೇಡಿ. ಮೊದಲು ಆ 38ರಲ್ಲಿ ಏನೇನಿದೆ ನೋಡಿ. ಟರ್ನಿಟಿನ್‌ನಂಥ ಸಾಫ್ಟ್‌ವೇರ್ ಹುಡುಕುವುದು ಹೋಲಿಕೆಯನ್ನು, ಕಳ್ಳತನವನ್ನಲ್ಲ. ಉದ್ಧರಣ ಚಿಹ್ನೆಯೊಳಗೆ ಸರಿಯಾಗಿ ಹಾಕಿದ ಸಾಲೂ ಕೊನೆಯ ಪುಸ್ತಕಪಟ್ಟಿಯೂ ಆ ಲೆಕ್ಕಕ್ಕೆ ಸೇರಿರಬಹುದು. ಬರೀ ಶೇ. 5 ಹೋಲಿಕೆ ಬಂದ ಪ್ರಬಂಧದಲ್ಲಿ ಇಡೀ ವಾದವೇ ಬೇರೆಯವರದ್ದಾಗಿರಲೂಬಹುದು.

ನಿಮ್ಮ ಹುಡುಗಿ ಮಾಡಿದ್ದು ಏನಿರಬಹುದು ಅಂತ ನನಗನ್ನಿಸುತ್ತದೆ. ಮೂಲದಲ್ಲಿ ಹೀಗಿದೆ ಅಂದುಕೊಳ್ಳಿ: 'ಕಾಡು ಕಡಿದಾಗ ಮಣ್ಣನ್ನು ಹಿಡಿದಿಡುವ ಬೇರುಗಳು ಸಾಯುತ್ತವೆ, ಮಳೆಗೆ ಮೇಲ್ಮಣ್ಣು ಕೊಚ್ಚಿಹೋಗುತ್ತದೆ.' ಅವಳು ಬರೆಯುತ್ತಾಳೆ: 'ಅರಣ್ಯ ನಾಶವಾದಾಗ ಮಣ್ಣನ್ನು ಹಿಡಿದಿಡುವ ಬೇರುಗಳು ಒಣಗುತ್ತವೆ, ಮಳೆನೀರಿಗೆ ಮೇಲ್ಮಣ್ಣು ಹರಿದುಹೋಗುತ್ತದೆ.' ಪದ ಬೇರೆ, ವಾಕ್ಯದ ಎಲುಬು ಅದೇ. 1990ರ ದಶಕದಲ್ಲಿ ಬರವಣಿಗೆ ಕಲಿಸುವ ಅಮೆರಿಕದ ಪ್ರಾಧ್ಯಾಪಕಿ ರೆಬೆಕಾ ಮೂರ್ ಹೊವರ್ಡ್ ಇದನ್ನು ಪ್ಯಾಚ್‌ರೈಟಿಂಗ್ ಎಂದು ಕರೆದರು. ಹೊಸ ವಿಷಯ ಕಲಿಯುವವರು ಎಷ್ಟೋ ಸಲ ಈ ಹಂತ ದಾಟಿಯೇ ಬರುತ್ತಾರೆ ಎಂಬುದು ಅವರ ವಾದ. ನನಗೂ ಅದು ಸರಿ ಅನ್ನಿಸುತ್ತದೆ. ಹಾಗಂತ ಅದನ್ನು ಹಾಗೇ ಬಿಡುವಂತಿಲ್ಲ. ದುಡ್ಡು ಕೊಟ್ಟು ಬೇರೆಯವರಿಂದ ಪ್ರಬಂಧ ಬರೆಸುವುದಂತೂ ಬೇರೆಯೇ ಮಾತು, ಅದು ನೇರ ಮೋಸ.

ತಪ್ಪು ಶುರುವಾಗುವುದು ಬರೆಯುವಾಗ ಅಲ್ಲ, ಓದುವಾಗ. ಪುಸ್ತಕ ಪಕ್ಕದಲ್ಲಿ ತೆರೆದಿಟ್ಟುಕೊಂಡು ಬರೆದರೆ ಅದರ ಸಾಲೇ ಕೈಗೆ ಬರುತ್ತದೆ, ಅಲ್ವಾ? ಟಿಪ್ಪಣಿಯಲ್ಲಿ ಯಾವುದು ಲೇಖಕರ ಮಾತು, ಯಾವುದು ತನ್ನದು ಅಂತ ಗುರುತು ಮಾಡದಿದ್ದರೆ ತಿಂಗಳಾದ ಮೇಲೆ ಅವಳಿಗೇ ಗೊತ್ತಾಗುವುದಿಲ್ಲ. ಹಾಗಾಗಿ ಪ್ರಬಂಧದ ಜೊತೆ ಟಿಪ್ಪಣಿಯನ್ನೂ ತರಿಸಿಕೊಳ್ಳಿ. ಇದ್ದದ್ದಿದ್ದಂತೆ ಇಳಿಸಿಕೊಂಡ ಸಾಲಿಗೆ ಅಲ್ಲೇ ಉದ್ಧರಣ ಚಿಹ್ನೆ, ಪುಟಸಂಖ್ಯೆ ಹಾಕಿಸಿ. ಉಳಿದದ್ದನ್ನು ಪುಸ್ತಕ ಮುಚ್ಚಿ, ಗೆಳತಿಗೆ ಹೇಳುವ ಹಾಗೆ ಬರೆಯಲಿ. ಆಮೇಲೆ ತೆರೆದು ಅರ್ಥ ತಪ್ಪಿಲ್ಲವಾ ನೋಡಿಕೊಳ್ಳಲಿ. ಆಗ ಸಾಲು ಹೀಗೆ ಬಂದೀತು: 'ಮಳೆಯಿಂದ ಮಣ್ಣನ್ನು ಕಾಯುವುದು ಮರದ ಬೇರು, ಮರ ಹೋದರೆ ಆ ಕಾವಲೂ ಹೋಗುತ್ತದೆ ಎನ್ನುತ್ತಾರೆ ಈ ಲೇಖಕರು.' ಪೂರ್ತಿ ತನ್ನ ಮಾತಲ್ಲೇ ಹೇಳಿದರೂ ಮೂಲದ ಹೆಸರು ಹೇಳಲೇಬೇಕು. ಇದನ್ನು ಜಾಸ್ತಿ ಒತ್ತಿ ಹೇಳಿ. ಇಲ್ಲೇ ತುಂಬ ಮಂದಿ ಎಡವುತ್ತಾರೆ.

ಸದ್ಯಕ್ಕೆ ಪ್ರಬಂಧ ವಾಪಸ್ ಕೊಡಿ. ಒಂದೇ ಒಂದು ಪ್ಯಾರಾವನ್ನು ನಿಮ್ಮೆದುರೇ ಹೀಗೆ ಮತ್ತೆ ಬರೆಸಿ. ಹೇಗೆ ಬಂತು ಅಂತ ನಮಗೂ ತಿಳಿಸಿ.