ಮೂರನೇ ಲೆವೆಲ್ ಸ್ಲಾಟ್ ಇದ್ದರೂ ಫೈರ್‌ಬಾಲ್ ಯಾಕೆ ಹಾಕಲಾಗದು?

ಮೂರನೇ ಲೆವೆಲ್‌ನ ಸ್ಲಾಟ್ (ಮಂತ್ರ ಹಾಕಲು ಖರ್ಚಾಗುವ ಅವಕಾಶ) ಇದ್ದರೂ ಬೆಂಕಿಯುಂಡೆಯ ಮಂತ್ರ ಫೈರ್‌ಬಾಲ್ ಬರುವುದಿಲ್ಲ ಎಂದು ಡಿಎಂ, ಅಂದರೆ ಆಟ ನಡೆಸುವವರು, ಹೇಳಿದ್ದು ಸರಿಯೇ ಎಂದು ಕೇಳಿದ್ದೀರಿ. ಹಾಸನದ ನಿಮ್ಮ ಗುಂಪು ಆಡುತ್ತಿರುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರಾಭಿನಯದ ಆಟದ 5ನೇ ಆವೃತ್ತಿ, 2014ರ ನಿಯಮ. ನಿಮ್ಮ ಪಾತ್ರಕ್ಕೆ ಎರಡು ಕ್ಲಾಸ್ (ಪಾತ್ರದ ಬಗೆ): ಮಂತ್ರವಾದಿ ವಿಝರ್ಡ್ 3ನೇ ಲೆವೆಲ್, ದೈವಶಕ್ತಿಯ ಕ್ಲೆರಿಕ್ 2ನೇ ಲೆವೆಲ್. ಹಾಗಿದ್ದರೆ ನಿಮ್ಮ ಡಿಎಂ ಹೇಳಿದ್ದೇ ಸರಿ, ಫೈರ್‌ಬಾಲ್ ಬರುವುದಿಲ್ಲ.

ಇಲ್ಲಿ ಲೆಕ್ಕ ಎರಡು. ಸ್ಲಾಟ್‌ಗೆ ಎರಡೂ ಕ್ಲಾಸಿನ ಲೆವೆಲ್ ಕೂಡಿಸಬೇಕು: 3+2=5. ಬಹುಕ್ಲಾಸ್ ಪಟ್ಟಿಯ 5ನೇ ಸಾಲಿನಲ್ಲಿ ಮೊದಲ ಲೆವೆಲ್‌ನವು 4, ಎರಡನೆಯವು 3, ಮೂರನೆಯವು 2 ಸ್ಲಾಟ್. ಮಂತ್ರ ಸಿದ್ಧಪಡಿಸುವಾಗ ಮಾತ್ರ ಕೂಡಿಸುವಂತಿಲ್ಲ; ಪ್ರತಿ ಕ್ಲಾಸನ್ನೂ ಅದೊಂದೇ ಇದೆ ಎಂಬಂತೆ ನೋಡಬೇಕು. ವಿಝರ್ಡ್ 3ಕ್ಕೆ ಎರಡನೇ ಲೆವೆಲ್‌ವರೆಗಿನ ಮಂತ್ರ, ಕ್ಲೆರಿಕ್ 2ಕ್ಕೆ ಮೊದಲನೆಯದಷ್ಟೇ. ಫೈರ್‌ಬಾಲ್ ಮೂರನೆಯದು. ದೊಡ್ಡ ಚೀಲ ತಂದ ಮಾತ್ರಕ್ಕೆ ತೋಟದಲ್ಲಿ ಕಾಫಿ ಜಾಸ್ತಿ ಬಿಡುವುದಿಲ್ಲವಲ್ಲ!

ಆ ಎರಡು ಸ್ಲಾಟ್ ದಂಡವೇನಲ್ಲ. ಮ್ಯಾಜಿಕ್ ಮಿಸೈಲ್‌ಗೆ ಹಾಕಿ: 3 ಬಾಣದ ಬದಲು 5. ಗಾಯ ಮಾಯಿಸುವ ಕ್ಯೂರ್ ವೂಂಡ್ಸ್ ಆದರೆ 1ಡಿ8 (ಎಂಟು ಮುಖದ ಒಂದು ದಾಳ) ಹೋಗಿ 3ಡಿ8, ಜೊತೆಗೆ ವಿಸ್ಡಮ್ ಮಾಡಿಫೈಯರ್ (ಪಾತ್ರದ ವಿವೇಕದ ಅಂಕದಿಂದ ಬರುವ ಕೂಡಿಕೆ). ರಕ್ಷಣೆಯ ಮಂತ್ರ ಶೀಲ್ಡ್‌ಗೆ ಖರ್ಚು ಮಾಡಬೇಡಿ. ದೊಡ್ಡ ಸ್ಲಾಟ್ ಕೊಟ್ಟರೂ ರಕ್ಷಣೆಗೆ ಸಿಗುವುದು ಅದೇ +5.

ಹಾಳೆಯಲ್ಲಿ ವಿಝರ್ಡ್ ಮಂತ್ರ, ಕ್ಲೆರಿಕ್ ಮಂತ್ರ ಬೇರೆ ಬೇರೆ ಬರೆದಿಡಿ. ಮೊದಲನೆಯದಕ್ಕೆ ಇಂಟೆಲಿಜೆನ್ಸ್, ಎರಡನೆಯದಕ್ಕೆ ವಿಸ್ಡಮ್. ಸೇವ್ ಡಿಸಿ (ಮಂತ್ರದಿಂದ ಪಾರಾಗಲು ಎದುರಾಳಿ ದಾಳದಲ್ಲಿ ಮುಟ್ಟಬೇಕಾದ ಅಂಕ) ಕೂಡ ಎರಡು. ಒಂದೇ ಡಿಸಿ ಬರೆದುಕೊಂಡರೆ ಜಗಳ ಹುಟ್ಟಬಹುದು.

ಪ್ಯಾಲಡಿನ್, ರೇಂಜರ್ ಕ್ಲಾಸ್ ಸೇರಿಸುವುದಾದರೆ ಸ್ಲಾಟ್ ಲೆಕ್ಕಕ್ಕೆ ಅವರ ಲೆವೆಲ್‌ನ ಅರ್ಧ ಮಾತ್ರ ಕೂಡಿಸಿ. 2014ರ ನಿಯಮದಲ್ಲಿ ಅದನ್ನು ಕೆಳಕ್ಕೆ ಪೂರ್ಣಾಂಕ ಮಾಡುತ್ತಾರೆ, 2024ರದರಲ್ಲಿ ಮೇಲಕ್ಕೆ. ವಾರ್ಲಾಕ್ ಕ್ಲಾಸಿನ ಲೆವೆಲ್ ಈ ಕೂಡಿಕೆಗೇ ಬರುವುದಿಲ್ಲ. ಅವನ ಸ್ಲಾಟ್‌ಗೆ ಪ್ಯಾಕ್ಟ್ ಸ್ಲಾಟ್ ಎನ್ನುತ್ತಾರೆ; ಅದು ಪ್ರತ್ಯೇಕ, ಒಂದು ಗಂಟೆಯ ಶಾರ್ಟ್ ರೆಸ್ಟ್‌ಗೇ (ಪಾತ್ರದ ಸಣ್ಣ ವಿಶ್ರಾಂತಿ) ವಾಪಸ್ ಬರುತ್ತದೆ. ಆದರೂ ಅದರಿಂದ ವಿಝರ್ಡ್ ಮಂತ್ರ ಹಾಕಲು ಅಡ್ಡಿಯಿಲ್ಲ.