ಥೆಸಲೋನಿಕಿಗೆ ಬರುತ್ತಿದ್ದೀರಾ? ಈ ಶಾಲೆಯನ್ನು ಒಮ್ಮೆ ನೋಡಿ

ನಮಸ್ಕಾರ. ಗ್ರೀಸ್‌ನ ಥೆಸಲೋನಿಕಿಗೆ ಕೆಲಸದ ಮೇಲೆ ಬರುತ್ತಿದ್ದೇವೆ, ಅಲ್ಲಿ ಜೀವನ ಹೇಗೆ ಅಂತ ಕೇಳಿದ್ದೀರಿ. ಪಿಯುಸಿ ಮುಗಿಸಿದ ಮಗಳಿಗೆ ಕೃಷಿ ಓದುವ ಆಸೆ ಅಂತಲೂ ಬರೆದಿದ್ದೀರಿ. ಊರ ಹೊರಗಿನ ಅಮೆರಿಕನ್ ಫಾರ್ಮ್ ಸ್ಕೂಲ್ ಹೇಗಿದೆ ಅನ್ನೋದು ನಿಮ್ಮ ಮುಖ್ಯ ಪ್ರಶ್ನೆ, ಅಲ್ವಾ? ಅಲ್ಲಿಂದಲೇ ಶುರು ಮಾಡುತ್ತೇನೆ. ನನಗೆ ಈ ಊರಲ್ಲಿ ತುಂಬಾ ಇಷ್ಟವಾದ ಸಂಸ್ಥೆ ಅದು.

ಹೆಸರು ಅಮೆರಿಕನ್, ಆದರೆ ಶಾಲೆ ಪೂರ್ತಿ ಈ ನೆಲದ್ದೇ. 1904ರಲ್ಲಿ ಶುರುವಾದಾಗ ಥೆಸಲೋನಿಕಿ ಇನ್ನೂ ಒಟ್ಟೋಮನ್ ತುರ್ಕರ ಕೈಯಲ್ಲಿತ್ತು. 1903ರಲ್ಲಿ ಅವರ ವಿರುದ್ಧ ಈ ಸುತ್ತಲಿನ ಮೆಸಿಡೋನಿಯಾ ಪ್ರದೇಶದಲ್ಲಿ ನಡೆದ ದಂಗೆಯಲ್ಲಿ ಎಷ್ಟೋ ಮಕ್ಕಳು ಅನಾಥರಾಗಿದ್ದರು. ಜಾನ್ ಹೆನ್ರಿ ಹೌಸ್ ಎಂಬ ಮಿಷನರಿ ಅಂಥ ಹುಡುಗರನ್ನು ಕರೆತಂದು ಇಲ್ಲಿ ಓದಿಸಿದರು. ಬರೀ ಪುಸ್ತಕ ಓದಿದ ಹಳ್ಳಿ ಹುಡುಗ ಊರಿಗೆ ವಾಪಸ್ ಹೋಗುವುದಿಲ್ಲ ಅನ್ನೋದು ಅವರ ಚಿಂತೆ. ಹಾಗಾಗಿ ಓದಿನ ಜೊತೆಗೆ ಉಳುಮೆ, ಹೈನು, ಮರಗೆಲಸವನ್ನೂ ಕಲಿಸಿದರು. ಸಿಕ್ಕಿದ್ದು ನೀರಿಲ್ಲದ ಬರಡು ಜಾಗ. ಇವತ್ತು ಅಲ್ಲಿನ ಹಸಿರು ನೋಡಿದರೆ ನಂಬೋದೇ ಕಷ್ಟ.

ಆಮೇಲೆ ಶಾಲೆ ನೋಡಿದ ಕಾಲ ಸಣ್ಣದಲ್ಲ. 1912ರಲ್ಲಿ ಊರು ಗ್ರೀಸ್‌ಗೆ ಸೇರಿತು. ಗ್ರೀಸ್ ಮತ್ತು ಟರ್ಕಿ ಜನರನ್ನು ಅದಲು ಬದಲು ಮಾಡಿಕೊಳ್ಳಲು ಮಾಡಿಕೊಂಡ 1923ರ ಒಪ್ಪಂದದ ನಂತರ ಟರ್ಕಿಯಿಂದ ನಿರಾಶ್ರಿತರು ಸಾಲುಸಾಲಾಗಿ ಬಂದು ಸುತ್ತಲಿನ ಹಳ್ಳಿಗಳಲ್ಲಿ ಹೊಸದಾಗಿ ಬೇಸಾಯಕ್ಕೆ ಇಳಿದರು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಬಂತು. ಅದು ಮುಗಿಯಿತು ಅನ್ನುವಷ್ಟರಲ್ಲಿ ಅಂತರ್ಯುದ್ಧ. 1949ರ ಜನವರಿಯಲ್ಲಿ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಕಮ್ಯುನಿಸ್ಟ್ ಗೆರಿಲ್ಲಾಗಳು ರಾತ್ರಿ ನುಗ್ಗಿ ದೊಡ್ಡ ತರಗತಿಯ ಹುಡುಗರನ್ನು ಬೆಟ್ಟಕ್ಕೆ ಹಿಡಿದೊಯ್ದರು. ಅವರಲ್ಲಿ ಹಲವರು ತಪ್ಪಿಸಿಕೊಂಡು ಶಾಲೆಗೇ ವಾಪಸ್ ಬಂದರು! ಓಡಿ ಬಂದ ಮಗು ಶಾಲೆಯ ಬಾಗಿಲಿಗೇ ಬರಬೇಕಾದರೆ, ಆ ಜಾಗ ಅವನಿಗೆ ಮನೆಯೇ ಆಗಿರಬೇಕು. ಈ ಕಥೆ ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ಈಗಲೂ ಕೈಯಿಂದ ಮಾಡಿ ಕಲಿಯುವ ಆ ಪದ್ಧತಿ ಬಿಟ್ಟಿಲ್ಲ. ಹಸು ಇವೆ, ಕೋಳಿ ಇವೆ, ಆಲಿವ್ ತೋಟ ಇದೆ. ಶಾಲೆಯ ಹಾಲು ಇಲ್ಲಿನ ಸೂಪರ್‌ಮಾರ್ಕೆಟ್‌ನಲ್ಲಿ ಸಿಗುತ್ತದೆ, ಬಂದ ಮೇಲೆ ತಗೊಂಡು ನೋಡಿ. ಹಳ್ಳಿ ಮಕ್ಕಳಿಗೆ ವಿದ್ಯಾರ್ಥಿವೇತನವೂ ಇದೆ. ನನಗೆ ಅತಿ ಮುಖ್ಯ ಅನ್ನಿಸುವುದು ಇದೇ.

ಮಗಳ ವಿಷಯ. ಅದೇ ಆವರಣದಲ್ಲಿ 1996ರಲ್ಲಿ ಶುರುವಾದ ಪೆರೋಟಿಸ್ ಕಾಲೇಜು ಇದೆ. ಪಾಠ ಇಂಗ್ಲಿಷಿನಲ್ಲಿ. ಕೃಷಿ, ಆಹಾರ ವಿಜ್ಞಾನದ ಕೋರ್ಸುಗಳಿವೆ. ಬ್ರಿಟನ್ನಿನ ಕಾರ್ಡಿಫ್ ಮೆಟ್ರೋಪಾಲಿಟನ್ ವಿಶ್ವವಿದ್ಯಾಲಯದ ಜೊತೆ ಪದವಿಯ ಒಪ್ಪಂದವಿದೆ. ಫೀಸು, ಸ್ಕಾಲರ್‌ಶಿಪ್ ನೇರ ಕೇಳಿ. ಮುಂದೆ ಅವಳು ಕರ್ನಾಟಕದಲ್ಲಿ ಸರ್ಕಾರಿ ಕೆಲಸ ಹುಡುಕುವುದಾದರೆ, ಪದವಿಗೆ ಅಲ್ಲಿ ಮಾನ್ಯತೆ ಸಿಗುತ್ತದಾ ಅಂತ ಸೇರುವ ಮೊದಲೇ ವಿಚಾರಿಸಿಕೊಳ್ಳಿ.

ಚಿಕ್ಕ ಮಗನಿಗೆ ಮನೆ ಹತ್ತಿರದ ಸರ್ಕಾರಿ ಶಾಲೆ ಸಾಕು. ಫೀಸಿಲ್ಲ, ಪಾಠ ಗ್ರೀಕಿನಲ್ಲಿ. ಮಕ್ಕಳು ಬೇಗ ಕಲಿಯುತ್ತಾರೆ, ಕಷ್ಟ ಆಗೋದು ನಮಗೇ ಜಾಸ್ತಿ. ಈಗಿನಿಂದಲೇ ಗ್ರೀಕ್ ಅಕ್ಷರ ಶುರು ಮಾಡಿ. ಬಂದ ತಕ್ಷಣ ತೆರಿಗೆ ಸಂಖ್ಯೆ ಮಾಡಿಸಿಕೊಳ್ಳಿ, ಅದನ್ನು ಇಲ್ಲಿ ಆಫಿಮಿ ಅಂತಾರೆ. ಅದಿಲ್ಲದೆ ಬಾಡಿಗೆ ಕರಾರೂ ಆಗೋದಿಲ್ಲ.